ಹೇಳದೆ ಕೊಟ್ಟ ಶಹಾ

"ಶಹಾ ಬಂತ್ರೀ!" ಶಿವಬಸವ ನಗರದಲ್ಲಿ ನಮ್ಮ ಕಂಪೌಂಡ್ ದಾಟಿ ಬರುತ್ತಿದ್ದ ಆ ಕೂಗು ಪಕ್ಕದ ಮನೆಯ ವೈನಿಯದು; ಅತ್ತಿಗೆ ಅನ್ನುವ ಸಲಿಗೆಯಲ್ಲಿ ನಾನು ಹಾಗೆ ಕರೆಯುತ್ತಿದ್ದೆ. ಖಾನಾಪುರದ ಹೆಣ್ಣುಮಗಳು, ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಚೆಸ್‌ಗೆ ಕೂರುತ್ತಿದ್ದರು. ಎದುರಾಳಿಯ ರಾಜನಿಗೆ ಚೆಕ್ ಕೊಟ್ಟರೆ 'ಶಹಾ' ಎಂದು ಬಾಯಿಬಿಟ್ಟು ಹೇಳಲೇಬೇಕು, ಅದು ಅವರ ಊರಿನ ರೀತಿ. "ಹೇಳಿ ಹೊಡೀಬೇಕ್ರೀ ಅಕ್ಕಾರ, ಕದ್ದು ಅಲ್ಲ," ಅನ್ನುತ್ತಿದ್ದರು.

ಕೋಟೆಯ ಹತ್ತಿರದ ಹಾಲ್‌ನಲ್ಲಿ ಲೇಡೀಸ್ ಬ್ಲಿಟ್ಜ್ ಟೂರ್ನಮೆಂಟ್, ಕೆಲವೇ ನಿಮಿಷಗಳ ಆಟ. ವೈನಿ ಫೈನಲ್ ಗೆಲ್ಲುವುದರಲ್ಲಿದ್ದರು. ಎದುರಿನ ಹುಡುಗಿ ತುಟಿ ಬಿಚ್ಚದೆ ಚೆಕ್ ಕೊಟ್ಟಳು. ವೈನಿ ಗಮನಿಸದೆ, ರಾಜನನ್ನು ಉಳಿಸುವ ಬದಲು ಬೇರೆ ಕಾಯಿ ನಡೆಸಿ ಗಡಿಯಾರ ಒತ್ತಿದರು.

"ಇಲ್ಲೀಗಲ್ ಮೂವ್. ಗೇಮ್ ಹೋತು," ಅಂದ ತೀರ್ಪು ಕೊಡುವ ಆರ್ಬಿಟರ್.

"ಮುಂಜಾನಿ ಮಕ್ಕಳಿಗೆ ಕಾಯಿ ಹಿಂದಿಡಾಕ ಬಿಟ್ರಿ! ಇವರಿಗ್ಯಾಕಿಲ್ಲ?" ನಾನು ರೇಗಿದೆ.

"ಅದು ಸ್ಕೂಲ್ ಲೆವೆಲ್ ಮೇಡಂ. ಬ್ಲಿಟ್ಜ್ ರೂಲ್ ಬ್ಯಾರೆ."

ಒಂದೇ ಹಾಲ್, ಒಂದೇ ಬೋರ್ಡು, ಎರಡು ನ್ಯಾಯ! ಹೌ ಅನ್‌ಫೇರ್! ಇವತ್ತಿಗೂ ಮೈ ಉರಿಯುತ್ತದೆ. ವೈನಿ ಸಿಕ್ಕಿಸಿದ ಸೆರಗು ಬಿಡಿಸಿಕೊಂಡು ಎದ್ದರು. ಮತ್ತೆ ಯಾವ ಟೂರ್ನಮೆಂಟಿಗೂ ಬರಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಖಾನಾಪುರದ ತವರಿನ ಪಡಸಾಲೆಯಲ್ಲಿ. ಇಬ್ಬರೂ ಆಡುತ್ತಿದ್ದಾಗ, ನನ್ನ ರಾಜನಿಗೆ ಅಡ್ಡವಾಗಿದ್ದ ಕುದುರೆಯನ್ನೇ ನಾನು ಎತ್ತಿ ಬೇರೆಡೆ ಇಟ್ಟೆ. ಅವರ ಆನೆಗೆ ನನ್ನ ರಾಜನವರೆಗೆ ದಾರಿ ತೆರೆಯಿತು; ಅದೂ ಇಲ್ಲೀಗಲ್ ಮೂವೇ. ವೈನಿ ನನ್ನ ಮಣಿಕಟ್ಟು ಹಿಡಿದರು.

"ರಾಜಾ ಸಾಯ್ತಾನ್ರೀ ಅಕ್ಕಾರ. ಹಿಂದಿಟ್ಟು ಇನ್ನೊಮ್ಮೆ ನೋಡ್ರಿ."