ದೊಡ್ಡಮ್ಮ ಕಿತ್ತ ನಲವತ್ತೊಂದು ಗುರುತುಗಳು

ಚಕ್ರವರ್ತಿಗಳು ನೆಲ ಗೆದ್ದು ಮುಂದಕ್ಕೆ ಹೋಗುತ್ತಾರೆ. ಗೆದ್ದ ನೆಲವನ್ನು ಒರೆಸಿದವರ ಚರಿತ್ರೆಯನ್ನು ಯಾರೂ ಬರೆದಿಲ್ಲ. ಬರೆದಿದ್ದರೆ ಅದರ ಮೊದಲ ಅಧ್ಯಾಯ ದೊಡ್ಡಮ್ಮನದೇ ಆಗಬೇಕಿತ್ತು.

ದೊಡ್ಡಮ್ಮನ ಸಾಮ್ರಾಜ್ಯ ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ. ಹಿಂದೆ ಅದು ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಹಾಲ್. ಈಗ ಮರದ ಹಲಗೆ ಹೊದಿಸಿ ನೃತ್ಯಶಾಲೆ ಮಾಡಿದ್ದಾರೆ. ಮೇಲೆ ಹನ್ನೆರಡು ಮಂಚ, ಕೆಳಗೆ ಊಟದ ಕೋಣೆ. ಹೊಸದಾಗಿ ನೃತ್ಯ ಸಂಯೋಜನೆಗೆ ಕೈಹಾಕಿದ ಹುಡುಗ ಹುಡುಗಿಯರು ವರ್ಷಕ್ಕೆರಡು ಸಲ ಇಲ್ಲಿ ಎರಡು ವಾರ ಉಳಿದು, ತಲಾ ಒಂದು ನೃತ್ಯ ಕಟ್ಟಿ, ಕೊನೆಯ ದಿನ ಪ್ರದರ್ಶಿಸಿ ಹೋಗುತ್ತಾರೆ. ಹನ್ನೊಂದು ವರ್ಷದಿಂದ ಅವರೆಲ್ಲರ ಕಾಲ ಕೆಳಗಿನ ನೆಲ ದೊಡ್ಡಮ್ಮನ ಸುಪರ್ದಿನಲ್ಲಿದೆ. ಒಮ್ಮೆ ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರೊಬ್ಬರನ್ನು ಬಾಗಿಲಲ್ಲೇ ತಡೆದು ಬೂಟು ಬಿಚ್ಚಿಸಿದ್ದರು. ಅವರು ಹೆಬ್ಬೆರಳು ಇಣುಕುವ ಕಾಲುಚೀಲದಲ್ಲೇ ನಿಂತು ಭಾಷಣ ಮಾಡಿದರು. ಅಷ್ಟು ಚಿಕ್ಕ ಭಾಷಣವನ್ನು ಆ ಹಾಲ್ ಮತ್ತೆ ಕೇಳಿಲ್ಲ.

ಸಮಕಾಲೀನ ನೃತ್ಯದ ಬಗ್ಗೆ ದೊಡ್ಡಮ್ಮನಿಗೆ ಸ್ವಂತ ವಿಮರ್ಶಾ ಪದ್ಧತಿಯಿತ್ತು. ಸಂಜೆ ಒರೆಸುವಾಗ ನೆಲದ ಮೇಲೆ ಬೆವರಿನ ಕಲೆ ಕಂಡರೆ ನೃತ್ಯ ಚೆನ್ನಾಗಿ ಸಾಗಿದೆ. ಒಣಗಿದ್ದರೆ ಇಡೀ ದಿನ ಚರ್ಚೆ ನಡೆದಿದೆ.

ಮನೆಯಲ್ಲಿ ಮಾತ್ರ ಈ ಕೀರ್ತಿಗೆ ಕಿಮ್ಮತ್ತಿರಲಿಲ್ಲ. ಲಾರಿ ಓಡಿಸಿ ನಿವೃತ್ತರಾದ ಯಜಮಾನರು, "ಒರೆಸಿದ ನೆಲ ನಾಳೆ ಮತ್ತೆ ಕೊಳೆಯಾಗುತ್ತೆ. ಅದೂ ಒಂದು ಕೆಲಸಾನಾ?" ಎನ್ನುತ್ತಿದ್ದರು.

"ನೀವು ಓಡಿಸಿದ ಲಾರಿ ವಾಪಸ್ ಬಂದು ಅದೇ ಶೆಡ್ಡಲ್ಲೇ ನಿಲ್ತಿತ್ತಲ್ಲ, ಅದೇನು ಮತ್ತೆ?"

ಈ ವಾದ ಹನ್ನೊಂದು ವರ್ಷದಿಂದ ಇತ್ಯರ್ಥವಾಗಿರಲಿಲ್ಲ. ಕಣ್ಣಾರೆ ನೋಡಿ ತೀರ್ಮಾನಿಸಲಿ ಎಂದು ದೊಡ್ಡಮ್ಮ ಈ ಸಲದ ಪ್ರದರ್ಶನಕ್ಕೆ ಯಜಮಾನರನ್ನು ಕರೆದಿದ್ದರು. ಎಡವಟ್ಟು ಶುರುವಾದದ್ದು ಅಲ್ಲಿಂದ.

ಆ ಸಲ ಬಂದಿದ್ದ ಎಂಟು ಜನ ತಂತಮ್ಮ ನೃತ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಂದ ಓಡಬೇಕು ಎಂದು ನೆಲಕ್ಕೆ ಬಣ್ಣದ ಟೇಪಿನ ತುಂಡು ಅಂಟಿಸಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದು ಬಣ್ಣ, ಒಟ್ಟು ನಲವತ್ತೊಂದು ಗುರುತು. ಪ್ರದರ್ಶನದ ದಿನ ಪ್ರೇಕ್ಷಕರಿಗೆ ಈ ಬಣ್ಣಗಳು ಕಾಣಬಾರದು. ಹಾಗಾಗಿ ಅಂದು ಬೆಳಗಿನ ತಿಂಡಿ ಮುಗಿಸಿ ಬಂದು, ಪ್ರತಿ ಟೇಪಿನ ಪಕ್ಕ ಉಗುರಿನಷ್ಟು ಕಪ್ಪು ಚುಕ್ಕಿ ಅಂಟಿಸುತ್ತಾರೆ. ಆಮೇಲಷ್ಟೇ ಬಣ್ಣದ್ದನ್ನು ದೊಡ್ಡಮ್ಮ ಕೀಳಬೇಕು. ಇದು ಅಲ್ಲಿನ ಪದ್ಧತಿ.

ಯಜಮಾನರು ಬರುವ ಹೊತ್ತಿಗೆ ನೆಲ ಕನ್ನಡಿಯಾಗಿರಬೇಕೆಂಬ ಆತುರದಲ್ಲಿ ದೊಡ್ಡಮ್ಮ ತಿಂಡಿಯ ಹೊತ್ತಿಗೇ ಹಾಲ್‌ಗೆ ನುಗ್ಗಿದರು. ಚುಕ್ಕಿ ಹಿಂದಿನ ಸಂಜೆಯೇ ಬಿದ್ದಿರಬಹುದೆಂದು ತಮಗೆ ತಾವೇ ಹೇಳಿಕೊಂಡು ನಲವತ್ತೊಂದನ್ನೂ ಕಿತ್ತುಹಾಕಿದರು.

ಮೊದಲು ಬಂದವಳು ಮಿಡತೆ. ದೊಡ್ಡಮ್ಮನೇ ಇಟ್ಟ ಹೆಸರು. ಆ ಹುಡುಗಿಯ ಕಾಲು ನೆಲದ ಮೇಲಿದ್ದದ್ದೇ ಕಡಿಮೆ.

"ದೊಡ್ಡಮ್ಮ, ನನ್ನ ನೀಲಿ ಎಲ್ಲಿ?"

"ಬುಟ್ಟೀಲಿ."

"ಇವನ ಹಸಿರು?" ಹಿಂದೆಯೇ ಬಂದ ಹುಡುಗನತ್ತ ಕೈ ತೋರಿಸಿದಳು.

"ಅದೇ ಬುಟ್ಟೀಲಿ. ಯಾಕೆ, ಚುಕ್ಕಿ ಹಾಕಿದ್ದೀರಲ್ಲ?"

ಹಾಕಿರಲಿಲ್ಲ. ಎರಡು ವಾರದ ಕಲೆ ಬುಟ್ಟಿಯ ತಳದಲ್ಲಿ ತೆಂಗಿನಕಾಯಿ ಗಾತ್ರದ ಅಂಟುಂಡೆಯಾಗಿ ಕೂತಿತ್ತು.

ಎಂಟೂ ಜನ ಸೇರಿ ನೆನಪಿಸಿಕೊಳ್ಳಲು ಹೋಗಿ ಎಂಟು ನಕ್ಷೆ ತಯಾರಾದವು. ಮೊಬೈಲಿನ ವಿಡಿಯೊ ತೆಗೆದು ನೋಡಿದರೆ ಎಲ್ಲರೂ ಮುಖವನ್ನೇ ಹಿಡಿದಿದ್ದರು, ಯಾರ ಕಾಲೂ ಇರಲಿಲ್ಲ. ಮಿಡತೆಯ ನೃತ್ಯದಲ್ಲಿ ಅವಳು ನಾಲ್ಕಡಿ ಪೆಟ್ಟಿಗೆಯ ಮೇಲಿಂದ ಹಿಂದಕ್ಕೆ, ನೋಡದೆ ಹಾರಬೇಕು. ಕೆಳಗೆ ನೀಲಿ ಗುರುತಿನ ಮೇಲೆ ನಿಂತ ಜಡೆಯಣ್ಣ, ಅಂದರೆ ಸೊಂಟದವರೆಗೆ ಜಡೆ ಬಿಟ್ಟ ಹುಡುಗ, ಹಿಡಿಯಬೇಕು. ಜಾಗ ಎರಡು ಹೆಜ್ಜೆ ತಪ್ಪಿದರೆ ಅವಳು ನೆಲಕ್ಕೆ ಸಿಗುತ್ತಾಳೆ.

ಶಿಬಿರ ನಡೆಸುವ ಮೇಡಂ ಗಡಿಯಾರ ನೋಡಿದರು. "ಐದಕ್ಕೆ ಜನ ಬರ್ತಾರೆ. ಒಂದು ಗಂಟೆಯೊಳಗೆ ಗುರುತು ಸಿಗದಿದ್ರೆ ಪ್ರದರ್ಶನ ಬೇಡ. ಯಾರ ಸೊಂಟಾನೂ ಮುರಿಯೋಕೆ ನಾನು ಬಿಡಲ್ಲ."

ಇದೇ ಶುಭ ಮುಹೂರ್ತದಲ್ಲಿ ಯಜಮಾನರ ಪ್ರವೇಶವಾಯಿತು. ಲಾರಿ ಬಿಟ್ಟ ಮೇಲೂ ಎಲ್ಲಿಗೇ ಆಗಲಿ ಆರು ತಾಸು ಮುಂಚಿತವಾಗಿ ತಲುಪುವ ಅಭ್ಯಾಸ. ಇಸ್ತ್ರಿ ಅಂಗಿ ತೊಟ್ಟು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. "ಏನು, ಎಲ್ಲ ಗಾಬರಿಯಾಗಿದ್ದೀರಿ?"

ಹನ್ನೊಂದು ವರ್ಷದ ಹೆಸರು ಗಂಡನ ಕಣ್ಣೆದುರೇ ಮಣ್ಣುಪಾಲಾಗುವುದರಲ್ಲಿತ್ತು. ದೊಡ್ಡಮ್ಮ ಹೋಗಿ ಬಕೆಟ್ಟು, ಮಾಪು ತಂದರು.

"ಈಗ ಒರೆಸ್ತೀರಾ?" ಜಡೆಯಣ್ಣ ಅಳುವುದೊಂದು ಬಾಕಿ.

"ನೀರು ತಾಗಿದ್ರೆ ಟೇಪು ಏಳುತ್ತೆ ಅಂತ ಎರಡು ವಾರ ಒಂದೊಂದನ್ನೂ ಸುತ್ತಿ ಬಳಸಿ ಒರೆಸಿದ್ದೀನಿ ಮಗಾ. ಕೇಳಿದ್ರೆ ಹೇಳೋಕೆ ಬರಲ್ಲ. ಮಾಪು ಕೈಗೆ ಬಂದ್ರೆ ಬರುತ್ತೆ. ನಾನು ತಿರುಗಿದ ಕಡೆ ಅಂಟಿಸ್ತಾ ಬನ್ನಿ. ಯಾರೂ ಬಾಯಿ ಬಿಡಬೇಡಿ."

ಬಾಗಿಲ ಬಳಿಯಿಂದ ದಿಗ್ವಿಜಯ ಹೊರಟಿತು. ದೊಡ್ಡಮ್ಮ ಕಣ್ಣು ಮುಚ್ಚಿ ಹಿಂದುಹಿಂದಕ್ಕೆ ನಡೆದರು. ಏಳು ಬೀಸು, ಎಡಕ್ಕೊಂದು ಬಳುಕು: "ಕೆಂಪು." ಮೂರು ಬೀಸು, ಸೊಂಟ ತಿರುವಿ ಅರ್ಧ ಸುತ್ತು: "ಹಳದಿ, ಪಕ್ಕದಲ್ಲೇ ಹಸಿರು." ಎಂಟು ಜನ ಕಪ್ಪು ಚುಕ್ಕಿ ಹಿಡಿದು ಮಂಡಿಯೂರಿ ಹಿಂಬಾಲಿಸಿದರು. ಒಬ್ಬ ಸೀನಿದ, ದೊಡ್ಡಮ್ಮ ಮತ್ತೆ ಬಾಗಿಲಿಗೆ ಹೋಗಿ ಮೊದಲಿನಿಂದ ಹೊರಟರು. "ದೇಹ ಮರೆಯೋದಿಲ್ಲ" ಎಂದು ಎರಡು ವಾರ ಬೋಧಿಸಿದ್ದ ಮೇಡಂ, ಅದು ನಿಜವೇ ಎಂದು ಆಗಷ್ಟೇ ತಿಳಿದವರಂತೆ ಬಾಯಿ ತೆರೆದು ನಿಂತಿದ್ದರು.

ಮೂವತ್ತನಾಲ್ಕು ಸಿಕ್ಕವು. ಹಾಲ್‌ನ ನಡುವೆ ಬಂದಾಗ ಮಾಪು ನಿಂತಿತು. ಅತ್ತ ಎಳೆದರು, ಇತ್ತ ಎಳೆದರು. ಬರಲಿಲ್ಲ.

"ನೀಲಿ ಇಲ್ಲೇ ಎಲ್ಲೋ," ಎಂದು ಮಿಡತೆ ಪಿಸುಗುಟ್ಟಿದಳು.

"ಗೊತ್ತು ಕಣೇ. ದಿನಾ ಇಲ್ಲಿಗೆ ಬಂದಾಗ ನಾನು ಬೇರೇನೋ ಮಾಡ್ತಿದ್ದೆ." ದೊಡ್ಡಮ್ಮ ಯೋಚಿಸಿದರು. ಆಮೇಲೆ ಅವರ ಕಿವಿ ಕೆಂಪಾಯಿತು. "ಇವರನ್ನ ಬೈಕೋತಿದ್ದೆ."

"ಹಾಗಾದ್ರೆ ಬೈಯಿರಿ," ಎಂದರು ಮೇಡಂ. "ಎದುರಿಗೇ ಇದ್ದಾರಲ್ಲ."

ಯಜಮಾನರು ಕಾಲರು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಬೈಯೇ, ಪರವಾಗಿಲ್ಲ. ಹುಡುಗೀರ ಸೊಂಟದ ಪ್ರಶ್ನೆ."

"ಕುಡಿದ ಲೋಟ ಕಿಟಕೀಲೇ ಬಿಡ್ತೀರಿ," ದೊಡ್ಡಮ್ಮ ಮೆಲ್ಲಗೆ ಶುರುಮಾಡಿದರು. ಮಾಪು ಅಲ್ಲಾಡಿತು. "ಒದ್ದೆ ಟವೆಲ್ಲು ಹಾಸಿಗೆ ಮೇಲೆ. ಟೀವಿ ಮುಂದೆ ಗೊರಕೆ, ಆರಿಸಿದ್ರೆ ನೋಡ್ತಿದ್ದೆ ಅಂತ ಜಗಳ." ಮಾಪು ಬಲಕ್ಕೆ ಜಾರಿತು. "ನನ್ನ ಕೆಲಸ ಕೆಲಸಾನೇ ಅಲ್ಲ, ನಿಮ್ಮ ಲಾರಿ ಮಾತ್ರ ಪುಷ್ಪಕ ವಿಮಾನ," ಎನ್ನುತ್ತಿದ್ದಂತೆ ಎಡಗಾಲು ತಾನಾಗಿ ಹಿಂದೆ ಸರಿದು, ಮಾಪು ಸೊಗಸಾದ ಅರ್ಧಚಂದ್ರ ಬಿಡಿಸಿ ನಿಂತಿತು.

"ನೀಲಿ," ಎಂದರು ದೊಡ್ಡಮ್ಮ.

ಮೇಡಂ ಪೆಟ್ಟಿಗೆ ಇಡಿಸಿ, ಚುಕ್ಕಿಯ ಸುತ್ತ ಮೂರು ದಪ್ಪ ಹಾಸಿಗೆ ಹಾಸಿ, ಮಿಡತೆಯನ್ನು ಹಾರಿಸಿ ನೋಡಿದರು. ಅವಳು ಜಡೆಯಣ್ಣನ ತೋಳಿಗೆ ಬಂದು ಬಿದ್ದಳು. ಇನ್ನೆರಡು ಸಲ ಹಾರಿಸಿದರು; ಎರಡು ಸಲವೂ ಅಲ್ಲೇ ಬಿದ್ದಳು. ಉಳಿದ ಆರು ಗುರುತು ಕಾಲು ಗಂಟೆಯಲ್ಲಿ ಸಿಕ್ಕವು.

ಐದಕ್ಕೆ ಹಾಲ್ ತುಂಬಿತು. ದೊಡ್ಡಮ್ಮ ಯಜಮಾನರ ಪಕ್ಕ ಕೂತು ನರ್ತಿಸುವವರ ಪಾದಗಳನ್ನೇ ನೋಡಿದರು. ಒಂದೊಂದು ಪಾದ ಚುಕ್ಕಿಯ ಮೇಲೆ ಇಳಿದಾಗಲೂ ಗಂಡನನ್ನು ಮೊಣಕೈಯಲ್ಲಿ ತಿವಿದು, "ಅದು ನಂದು" ಎಂದರು. ಮಿಡತೆ ಹಿಂದಕ್ಕೆ ಹಾರಿದಳು. ಜಡೆಯಣ್ಣ ಹಿಡಿದ. ಚಪ್ಪಾಳೆ ಮೊಳಗಿತು.

ಯಜಮಾನರು ಪಕ್ಕದ ಕುರ್ಚಿಯ ಅಪರಿಚಿತರ ಕಡೆ ಬಾಗಿದರು. "ಆ ಹುಡುಗ ನಿಂತಿದ್ದಾನಲ್ಲ, ಆ ಜಾಗ ಹುಡುಕಿದ್ದು ನಮ್ಮವಳು. ಅದರಲ್ಲಿ ನನ್ನ ಪಾಲೂ ಇದೆ. ಬೈಸ್ಕೊಂಡಿದ್ದು ನಾನು."

"ಸುಮ್ನಿರ್ರೀ," ಎಂದರು ದೊಡ್ಡಮ್ಮ. "ಹಳದಿ ಬರ್ತಿದೆ."