ಬ್ಯಾನರಿನ ಬೆನ್ನ ಮೇಲಿನ ಪಾಠ

ಪನಾಯ್ ದ್ವೀಪದ ನಮ್ಮ ಮೀನುಗಾರರ ಕೇರಿಯಲ್ಲಿ ದೋಣಿಗಳಿಗೆ ಹೆಸರು ಬರೆಯುವುದು ಪ್ಲಾಸೀದಾಳ ಕಸುಬು. ಓದಿದ್ದು ಆರನೆಯ ತರಗತಿ. ಆದರೂ ಅಳೆಯದೆ, ಗೆರೆ ಎಳೆಯದೆ ಅವಳು ಬರೆದ ಅಕ್ಷರ ದೋಣಿ ಎಷ್ಟು ದೂರವಿದ್ದರೂ ದಡಕ್ಕೆ ಕಾಣುತ್ತಿತ್ತು.

ಓದಲು ಬಾರದ ಮಕ್ಕಳಿಗೆ ಸಂಜೆ ಪಾಠ ಹೇಳಿಸುವ ಯೋಜನೆಯನ್ನು ಸರ್ಕಾರ ತಂದಾಗ, ಬೇರೆ ಯಾರೂ ಒಪ್ಪದ್ದರಿಂದ ಊರ ಮುಖ್ಯಸ್ಥರು ಅವಳನ್ನೇ ಹಿಡಿದರು. ಒಂಬತ್ತು ಮಕ್ಕಳು. ಅವರಲ್ಲಿ ನನ್ನ ಮೊಮ್ಮಗಳು ಲಿಗಾಯಾ ಒಬ್ಬಳು. ಹತ್ತು ತುಂಬಿದರೂ ಒಂದಕ್ಷರ ಗುರುತಿಸಲಾರಳು. ಇಲ್ಲಿಯೂ ಕಲಿಯದಿದ್ದರೆ ಶಾಲೆ ಬಿಡಿಸುವುದೆಂದು ಅವಳಪ್ಪ ಹೇಳಿಬಿಟ್ಟಿದ್ದ.

ಪುಸ್ತಕಕ್ಕೆ ಕಾದೆವು. ಲಾರಿಯಲ್ಲಿ ಬಂದದ್ದು ಹನ್ನೆರಡು ದೊಡ್ಡ ಬ್ಯಾನರು. ಎಲ್ಲದರಲ್ಲೂ ಹಲ್ಲು ಬಿಟ್ಟು ನಗುವ ಒಬ್ಬನೇ ರಾಜಕಾರಣಿ, ಪಕ್ಕದಲ್ಲಿ ಯೋಜನೆಯ ಹೊಗಳಿಕೆ.

"ದುಡ್ಡೆಲ್ಲ ಇವನ ಹಲ್ಲಿಗೇ ಆಯ್ತು ನೋಡಕ್ಕಾ," ಎಂದಳು ಪ್ಲಾಸೀದಾ.

ಚುನಾವಣೆ ಮುಗಿದರೆ ನಾವು ಬ್ಯಾನರನ್ನು ಸೂರಿಗೆ ಹೊದಿಸುವವರು, ಮೀನು ಒಣಗಿಸಲು ಹಾಸುವವರು. ಅವಳು ಅದರ ಬೆನ್ನು ನೋಡಿದಳು. ಅಚ್ಚ ಬಿಳಿ. ದೋಣಿಯ ಬಣ್ಣ ತಂದು ಅಂಗೈ ಅಗಲದ ಅಕ್ಷರಗಳಲ್ಲಿ ಏಡಿ, ಬಲೆ, ಉಬ್ಬರ, ಅಜ್ಜಿಯರ ಬೈಗುಳ ಎಲ್ಲ ಬರೆದಳು. ಪಾಠ ನಡೆಯುವ ಚಾವಡಿಯ ಗೋಡೆಗಳ ಮೇಲೆ ಹನ್ನೆರಡು ಪುಟದ ಪುಸ್ತಕ ನಿಂತಿತು.

ಆರು ತಿಂಗಳಿಗೆ ಅಧಿಕಾರಿ ಬಂದ. ಬ್ಯಾನರು ತೂಗುಹಾಕಿದ ಫೋಟೋ ಇಲ್ಲದಿದ್ದರೆ ಪಾಠ ರದ್ದು ಎಂಬುದು ಮೇಲಿನವರ ನಿಯಮ. ಮಕ್ಕಳ ಫೋಟೋ ಯಾರೂ ಕೇಳಿರಲಿಲ್ಲ.

"ಏನಮ್ಮಾ ಇದು? ಸಾಹೇಬ್ರ ಮುಖ ಎಲ್ಲಿ?"

"ಗೋಡೆ ನೋಡ್ತಾ ಇದಾರೆ ಸಾರ್. ಈ ಕಡೆ ತಿರುಗಿದ್ರೆ ಮಕ್ಕಳೂ ಹಲ್ಲು ಬಿಡ್ತವೆ, ಪಾಠ ಆಗಲ್ಲ."

"ತಮಾಷೆ ಸಾಕು. ತಿರುಗಿಸಿ, ಇಲ್ಲಾಂದ್ರೆ ಇವತ್ತೇ ಮುಚ್ಚಿಸ್ತೀನಿ."

ಪ್ಲಾಸೀದಾ ಮೊದಲನೆಯ ಬ್ಯಾನರನ್ನು ತಿರುಗಿಸಿ ಕಟ್ಟಿದಳು. ಆತ ಮೊಬೈಲು ಎತ್ತಿದ. ಆಗ ಲಿಗಾಯಾ ಬೆರಳು ಚಾಚಿ, ಮುಖದ ಪಕ್ಕದಲ್ಲಿದ್ದ, ಯಾರೂ ಹೇಳಿಕೊಡದ ಸಾಲನ್ನು ತಾನಾಗಿಯೇ ಓದಿದಳು.

"ಪ್ರತಿ ಮಗುವಿನ ಕೈಗೂ... ಹೊಸ ಪುಸ್ತಕ." ಆಮೇಲೆ ಅವನ ಕಡೆ ತಿರುಗಿ, "ನಮ್ದೆಲ್ಲಿ ಸಾರ್?"

ಅವನ ಕೈ ಕೆಳಗಿಳಿಯಿತು. ಕೆಳಗಿನ ಸಾಲನ್ನೂ ಓದಿಸಿದ. ಓದಿದಳು. ಪಕ್ಕದವಳನ್ನು ಕರೆದ. ಅವಳೂ ಓದಿದಳು.

ಕೊನೆಗೆ ಫೋಟೋ ತೆಗೆದು, ಕಾಗದಕ್ಕೆ ಸಹಿ ಹಾಕಿ, "ನಾನು ಹೋದ್ಮೇಲೆ ಮತ್ತೆ ತಿರುಗಿಸ್ಕೊಳ್ಳಿ," ಎಂದ.

ಪ್ಲಾಸೀದಾ ಆಗಲೇ ಏಣಿ ಹತ್ತಿದ್ದಳು. ಲಿಗಾಯಾ ಓದಿದ್ದನ್ನು ಕೇಳಿದ ನಾನು ಮಾತ್ರ ಕೂತಲ್ಲೇ ಕೂತಿದ್ದೆ. ಸಮುದ್ರ ಉಕ್ಕಿ ಮನೆಗಳನ್ನು ಎತ್ತಿಕೊಂಡು ಹೋದದ್ದನ್ನು ಎರಡು ಸಲ ಕಂಡವಳು ನಾನು. ಆಗಲೂ ನನಗೆ ಹೀಗೆ ಮೈ ಜುಮ್ಮೆಂದಿರಲಿಲ್ಲ.