ಕಿರೀಟವಿಲ್ಲದ ರಾಜ ಕೊಟ್ಟ ಎಮ್ಮೆ

ಯಕ್ಷಗಾನ ಪ್ರಸಂಗದ ಒಳ್ಳೇ ರಾಜರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಶತ್ರು ಸನ್ಯಾಸಿಯ ವೇಷದಲ್ಲಿ ಬಂದು ನಿಂತರೆ ಎದುರು ಕೂತ ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ, ಆ ಮಹಾರಾಜನೊಬ್ಬನನ್ನು ಬಿಟ್ಟು. ‘ಏನು ಬೇಕಾದರೂ ಕೇಳು’ ಎಂದು ಮಾತು ಕೊಟ್ಟು ಸಾಯುತ್ತಾನೆ. ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಒಂದು ಹನಿಯನ್ನೂ ಹಾಕಿದವಳಲ್ಲ. ಯಾಕೆಂದರೆ ಅಂಥವರೊಬ್ಬರನ್ನು ಕಟ್ಟಿಕೊಂಡು ಮಾವಳ್ಳಿಯಲ್ಲಿ ಸಂಸಾರ ಮಾಡುತ್ತಿದ್ದೆ.

ಎಪ್ಪತ್ತರ ದಶಕದ ಒಂದು ಮಳೆಗಾಲ. ದೋಣಿಗಳೆಲ್ಲ ದಡದ ಮೇಲೆ. ನನ್ನ ಗಂಡ ಕಡಲಿಗೆ ಹೋಗುವಂತಿಲ್ಲ. ನನ್ನ ಅಪ್ಪ ಕೊಟ್ಟ ಎಮ್ಮೆಯ ಹಾಲು ಚಾ ಅಂಗಡಿಗೆ ಹೋಗುತ್ತಿದ್ದುದರಿಂದ ಮನೆಯ ಒಲೆ ಉರಿಯುತ್ತಿತ್ತು. ಕೆಲಸವಿಲ್ಲದ ಗಂಡಸರು ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ತಾಳಮದ್ದಳೆ ಮಾಡುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಆಗಿಂದಾಗ ಹೊಳೆದ ಮಾತು. ಇವರು ರಾಜ, ಪಕ್ಕದ ಮನೆಯವರು ಕಪಟ ಸನ್ಯಾಸಿ.

ಸನ್ಯಾಸಿ ಕೇಳಬೇಕಾದದ್ದು ರಾಜನ ಪ್ರಾಣ. ಆ ದಿನ ಪಕ್ಕದ ಮನೆಯವರಿಗೆ ತಮಾಷೆ ಹತ್ತಿತು. ‘ರಾಜಾ, ನಿನ್ನ ಅರಮನೆಯ ಹಿಂದೆ ಹಲಸಿನ ಮರಕ್ಕೆ ಕಟ್ಟಿದ ಕರಿ ಎಮ್ಮೆಯೊಂದನ್ನು ಕೊಟ್ಟರೆ ಸಾಕು’ ಎಂದರು. ಜನ ಬಿದ್ದು ಬಿದ್ದು ನಕ್ಕರಂತೆ. ಸಂಜೆ ಸುದ್ದಿ ಕೇಳಿ ನಾನೂ ನಕ್ಕೆ. ಇವರೊಬ್ಬರು ನಗದೆ ‘ಕೊಟ್ಟೆ’ ಎಂದಿದ್ದರು.

ಮರುದಿನ ಹಾಲು ಕರೆಯಲು ಹೋದರೆ ಎಮ್ಮೆಯೂ ಇಲ್ಲ, ಕರುವೂ ಇಲ್ಲ. ಪಕ್ಕದ ಅಂಗಳದಲ್ಲಿ ಇವರು ಹಗ್ಗ ಚಾಚಿಕೊಂಡು ನಿಂತಿದ್ದಾರೆ, ಸನ್ಯಾಸಿ ಕೈಮುಗಿಯುತ್ತಿದ್ದಾರೆ.

“ಎಂತ ಮಾರಾಯ ನೀನು! ತಮಾಷೆಗೆ ಹೇಳಿದ್ದಲ್ದಾ? ಹೊಡ್ಕಂಡು ಹೋಗು.”

“ಕೊಟ್ಟಾತು,” ಎಂದರು ಇವರು. “ಕಿರೀಟ ಇಟ್ಕಂಡಿದ್ರೆ ಕಿರೀಟದ ಸಂಗಡ ಮಾತೂ ಇಳೀತಿತ್ತು. ನಾನು ನನ್ನ ಪಂಚೆಲೇ ಕೂತು ಹೇಳಿದ್ದು.”

ನನಗೆ ಮೈಯೆಲ್ಲ ಉರಿದುಹೋಯಿತು. “ಹೋಯ್ ಮಹಾರಾಜ್ರೇ, ಎಮ್ಮೆ ನನ್ನ ಅಪ್ಪ ನಂಗೆ ಕೊಟ್ಟದ್ದು. ನಂದನ್ನ ದಾನ ಮಾಡೂಕೆ ನೀವ್ಯಾರು?”

ಇವರ ಮುಖ ಸಣ್ಣದಾಯಿತು. ನನ್ನದಲ್ಲದ್ದನ್ನು ಕೊಟ್ಟುಬಿಟ್ಟೆನಲ್ಲ, ತಪ್ಪಾಯಿತು ಎಂದರು, ನನಗಲ್ಲ, ಆ ಸನ್ಯಾಸಿಗೆ! ಎಮ್ಮೆ ಮನೆಗೆ ಬಂತು. ಇವರು ತಾಳಮದ್ದಳೆ ಬಿಟ್ಟರು.

ಮುಂದಿನ ಮಳೆಗಾಲ ಶಾಲೆಯ ಕಡೆಯಿಂದ ಮದ್ದಳೆಯ ಸದ್ದು ಬಂದಾಗಲೆಲ್ಲ ಬಲೆ ಹೆಣೆಯುವ ಇವರ ಕೈ ನಿಲ್ಲುತ್ತಿತ್ತು. ಹೋಗಿ ಬನ್ನಿ ಎಂದರೆ, “ಕೊಡೂಕೆ ನಂದು ಅಂತ ಎಂತ ಅದೆ?” ಎನ್ನುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಂದು ದಿನ, “ಎಮ್ಮೆ ನಿಮ್ಗೇ ಕೊಟ್ಟೆ, ಹೋಗಿ” ಎಂದುಬಿಟ್ಟೆ. “ಖರೆ?” ಎಂದವರೇ ಶಾಲು ಹೊದ್ದು ಹೊರಟರು.

ಏನು ಹೇಳಿದೆ ಎಂದು ನನಗೆ ಹೊಳೆದದ್ದು ಆಮೇಲೆ. ಅಯ್ಯೋ ದೇವರೇ! ಒಲೆಯ ಮೇಲಿನ ಅನ್ನ ಇಳಿಸಿ ಓಡಿದೆ. ಸನ್ಯಾಸಿಯ ನೇರ ಎದುರಿಗೆ ಕೂತು ಕಣ್ಣು ಕೆಕ್ಕರಿಸಿದೆ. ಅವರು ನನ್ನನ್ನೊಮ್ಮೆ ನೋಡಿ, ‘ರಾಜಾ, ನಿನ್ನ ಪ್ರಾಣವೇ ಸಾಕು’ ಎಂದರು.

‘ಕೊಟ್ಟೆ’ ಎಂದರು ಇವರು, ತಮ್ಮದೇ ಪಂಚೆಯಲ್ಲಿ ಕೂತು. ಅಷ್ಟು ಜನರ ನಡುವೆ ನಾನು ಗೊಳೋ ಎಂದು ಅತ್ತುಬಿಟ್ಟೆ.